ವಿಎಲ್‌ಸಿ ನೋಡಲಿಕ್ಕೆ, ಹ್ಯಾಂಡ್‌ಬ್ರೇಕ್ ಹಂಚಲಿಕ್ಕೆ: ಹಳೇ ಯಕ್ಷಗಾನದ ವಿಡಿಯೊಗಳಿಗೆ ಬಳಸಿ ನೋಡಿದ ಎರಡು ಸಾಫ್ಟ್‌ವೇರ್

ಅಪ್ಪಯ್ಯನ ಮದ್ದಳೆ ನಮ್ಮ ಮನೆಯಲ್ಲಿ ಎಷ್ಟೋ ಬಗೆಯ ಫೈಲುಗಳಲ್ಲಿ ಇದೆ. ವಿಸಿಡಿ ಕಾಲದ ಡಿಎಟಿ, ಡಿವಿಡಿಯ ವಿಒಬಿ, ಟೇಪಿನಿಂದ ಇಳಿಸಿದ ಎವಿಐ, ವಿಡಿಯೊ ಕ್ಯಾಮೆರಾದ ಎಂಟಿಎಸ್, ಹಳೇ ಕೀಪ್ಯಾಡ್ ಫೋನಿನ 3ಜಿಪಿ, ಅಕ್ಕನ ಮಗ ಐಫೋನಿನಲ್ಲಿ ಹಿಡಿದ ಎಂಒವಿ. ಎಲ್ಲ ಸಿದ್ದಾಪುರ, ಶಿರಸಿ, ಸಾಗರದ ಸುತ್ತಮುತ್ತ ನಡೆದ ಯಕ್ಷಗಾನದ ಆಟಗಳು. ಕೆಲವು ನಮ್ಮವೇ, ಉಳಿದವು ನೆಂಟರು, ಆಟದ ಹುಚ್ಚಿನವರು ಕೊಟ್ಟಿದ್ದು. ಅಪ್ಪಯ್ಯ ಈಗಿಲ್ಲ. ಅವರು ಬಾರಿಸಿದ್ದೆಲ್ಲ ಒಂದು ಕಡೆ ಸೇರಬೇಕು, ಆಯಿ ಮನೆ ಟಿವಿಯಲ್ಲಿ ನೋಡಬೇಕು, ಬೆಂಗಳೂರಿನ, ಅಮೆರಿಕದ ಮೊಮ್ಮಕ್ಕಳಿಗೂ ಅದು ಸಿಗಬೇಕು ಅನ್ನೋದು ನನ್ನ ಆಸೆ.

ಈ ಕೆಲಸಕ್ಕೆ ನಾನು ನೆಚ್ಚಿಕೊಂಡಿರುವುದು ಎರಡು ಸಾಫ್ಟ್‌ವೇರನ್ನು. ಒಂದು ವಿಡಿಯೊ ಹಾಕಿ ನೋಡುವ ವಿಎಲ್‌ಸಿ, ಇನ್ನೊಂದು ವಿಡಿಯೊ ಫೈಲನ್ನು ಬೇರೆ ಬಗೆಗೆ ಬದಲಾಯಿಸಿಕೊಡುವ ಹ್ಯಾಂಡ್‌ಬ್ರೇಕ್. ಎರಡಕ್ಕೂ ದುಡ್ಡು ಕೊಡಬೇಕಿಲ್ಲ. ಜಾಹೀರಾತಿಲ್ಲ, ಹೆಸರು ನೋಂದಾಯಿಸಿ ಅನ್ನುವ ಕಾಟವಿಲ್ಲ. ಎರಡೂ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತವೆ. ಮನೆಯಲ್ಲಿ ಹಳೇ ವಿಡಿಯೊ ಇಟ್ಟುಕೊಂಡಿರುವ ಎಲ್ಲರಿಗೂ ನಾನು ಧೈರ್ಯವಾಗಿ ಹೇಳುತ್ತೇನೆ, ಇವೆರಡನ್ನು ಹಾಕಿಕೊಳ್ಳಿ. ಆದರೆ ಯಾವುದರಿಂದ ಯಾವ ಕೆಲಸ ತೆಗೆಯಬೇಕು ಅಂತ ಗೊತ್ತಿರಬೇಕು.

ಅದಕ್ಕೆ ಮೊದಲು ಒಂದು ವಿಷಯ ತಿಳಿದಿರಲಿ. ಫೈಲಿನ ಹೆಸರಿನ ಕೊನೆಗೆ ಇರುವ ಎವಿಐ, ಎಂಪಿ4, ಎಂಕೆವಿ ಅನ್ನೋದು ಮೇಳದ ಪೆಟ್ಟಿಗೆಯ ಹಾಗೆ. ಪೆಟ್ಟಿಗೆ ನೋಡಿದರೆ ಒಳಗೆ ಕಿರೀಟ ಇದೆಯೋ ಗೆಜ್ಜೆ ಇದೆಯೋ ಗೊತ್ತಾಗುವುದಿಲ್ಲ. ಒಳಗಿನ ಚಿತ್ರವನ್ನೂ ಶಬ್ದವನ್ನೂ ಯಾವ ರೀತಿ ಕುಗ್ಗಿಸಿ ಇಟ್ಟಿದ್ದಾರೆ ಅನ್ನೋದು ಬೇರೆಯೇ ಮಾತು. ಅದಕ್ಕೆ ಕೊಡೆಕ್ ಅನ್ನುತ್ತಾರೆ. ಒಂದೇ ಎವಿಐ ಪೆಟ್ಟಿಗೆಯಲ್ಲಿ ಡಿವಿ ಇರಬಹುದು, ಡಿವ್‌ಎಕ್ಸ್ ಇರಬಹುದು, ಎಕ್ಸ್‌ವಿಡ್ ಇರಬಹುದು. ಎಂಪಿ4ನಲ್ಲಿ ಎಚ್.264 ಇರಬಹುದು, ಎಚ್.265 ಕೂಡ ಇರಬಹುದು. 'ನಮ್ಮ ಟಿವಿ ಎಂಪಿ4 ಹಾಕುತ್ತದೆ, ಆದರೂ ಈ ಎಂಪಿ4 ಬರುತ್ತಿಲ್ಲ' ಅಂತ ಜನ ತಲೆ ಕೆಡಿಸಿಕೊಳ್ಳುವುದು ಇದೇ ಕಾರಣಕ್ಕೆ. ಬರೀ ಹೆಸರು ಬದಲಿಸಿ ಎವಿಐಯನ್ನು ಎಂಪಿ4 ಮಾಡಿದರೆ ಒಳಗಿನದೇನೂ ಬದಲಾಗುವುದಿಲ್ಲ.

ಒಳಗೆ ಏನಿದೆ ಅಂತ ನೋಡಲಿಕ್ಕೂ ವಿಎಲ್‌ಸಿಯೇ ಸುಲಭ. ಫೈಲ್ ಹಾಕಿ, ಕಂಟ್ರೋಲ್ ಒತ್ತಿಕೊಂಡು ಜೆ ಒತ್ತಿ. ಚಿತ್ರದ ಕೊಡೆಕ್ ಯಾವುದು, ಶಬ್ದದ್ದು ಯಾವುದು, ಅಳತೆ ಎಷ್ಟು, ಸೆಕೆಂಡಿಗೆ ಎಷ್ಟು ಫ್ರೇಮ್ ಅಂದರೆ ಬಿಡಿ ಚಿತ್ರ, ಎಲ್ಲ ಒಂದೇ ಕಿಟಕಿಯಲ್ಲಿ ಬರುತ್ತದೆ. ಯಾರಾದರೂ 'ಫೈಲ್ ಓಡ್ತಿಲ್ಲ' ಅಂತ ಫೋನ್ ಮಾಡಿದರೆ ಮೊದಲು ಈ ಕಿಟಕಿಯ ಫೋಟೋ ಕಳಿಸಿ ಅನ್ನುತ್ತೇನೆ.

ವಿಎಲ್‌ಸಿ ಇಷ್ಟೆಲ್ಲ ಫೈಲುಗಳನ್ನು ಹಾಕುವುದರ ಗುಟ್ಟು ಸರಳ. ಬೇರೆ ಪ್ಲೇಯರುಗಳು ಕಂಪ್ಯೂಟರಿನಲ್ಲಿ ಮೊದಲೇ ಇರುವ ಕೊಡೆಕ್‌ಗಳನ್ನು ನಂಬಿಕೊಂಡಿರುತ್ತವೆ. ವಿಎಲ್‌ಸಿ ತನಗೆ ಬೇಕಾದ್ದನ್ನೆಲ್ಲ ತಾನೇ ಹೊತ್ತು ತರುತ್ತದೆ. ಅದರಲ್ಲಿ ದೊಡ್ಡ ಪಾಲು ಎಫ್‌ಎಫ್‌ಎಂಪೆಗ್ ಅನ್ನುವ ಇನ್ನೊಂದು ಮುಕ್ತ ಯೋಜನೆಯದು. ವಿಂಡೋಸ್ 8ರಿಂದ ಈಚೆಗೆ ಡಿವಿಡಿ ನೋಡುವ ವ್ಯವಸ್ಥೆ ವಿಂಡೋಸಿನ ಜೊತೆ ಬರುವುದಿಲ್ಲ. ಐಫೋನಿನ ಎಚ್.265 ವಿಡಿಯೊಗೆ ಮೈಕ್ರೋಸಾಫ್ಟ್ ಸ್ಟೋರಿನಲ್ಲಿ ಬೇರೆ ದುಡ್ಡು ಕೊಟ್ಟು ಒಂದು ತುಣುಕು ಹಾಕಿಕೊಳ್ಳಬೇಕಾಗಬಹುದು. ವಿಎಲ್‌ಸಿ ಇದ್ದರೆ ಎರಡೂ ಸುಮ್ನೆ ಓಡುತ್ತವೆ.

ಇದು ಹುಟ್ಟಿದ್ದು ಪ್ಯಾರಿಸ್ಸಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ, 1996ರಲ್ಲಿ, ವಿದ್ಯಾರ್ಥಿಗಳ ಕೈಯಲ್ಲಿ. ಕ್ಯಾಂಪಸ್ಸಿನ ನೆಟ್‌ವರ್ಕಿನಲ್ಲಿ ವಿಡಿಯೊ ಹರಿಸಬೇಕಿತ್ತು ಅವರಿಗೆ. 2001ರ ಫೆಬ್ರವರಿಯಲ್ಲಿ ಮುಕ್ತ ಪರವಾನಗಿಯಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಅಂದಿನಿಂದ ಇವತ್ತಿನವರೆಗೆ ಜಾಹೀರಾತು ತುರುಕದೆ ನಡೆಸಿಕೊಂಡು ಬಂದಿದ್ದಾರೆ. ಇದಕ್ಕೆ ನನ್ನ ಮನಸ್ಸಿನಲ್ಲಿ ದೊಡ್ಡ ಗೌರವ ಇದೆ. 2022ರಲ್ಲಿ ಕೆಲವು ತಿಂಗಳು ನಮ್ಮ ದೇಶದಲ್ಲಿ ಅವರ ತಾಣವೇ ತೆರೆಯುತ್ತಿರಲಿಲ್ಲ, ತಡೆ ಹಾಕಿದ್ದರು. ನವೆಂಬರಿನಲ್ಲಿ ತೆಗೆದರು. ಆಗ ಸುದ್ದಿ ಕೇಳಿ ಅಳಿಸಿಹಾಕಿದವರು ಈಗ ಮತ್ತೆ ಹಾಕಿಕೊಳ್ಳಬಹುದು.

ಇನ್ನು ಹಳೇ ಫೈಲುಗಳ ವಿಷಯ. ವಿಸಿಡಿ ಹಾಕಿದರೆ ಎಂಪೆಗ್‌ಎವಿ ಅನ್ನುವ ಫೋಲ್ಡರ್ ಕಾಣುತ್ತದೆ. ಅದರೊಳಗಿನ ಡಿಎಟಿಯೇ ವಿಡಿಯೊ. ವಿಎಲ್‌ಸಿಯ ಮೇಲೆ ಎಳೆದು ಬಿಟ್ಟರೆ ಸಾಕು. ಚಿತ್ರ 352 ಪಿಕ್ಸೆಲ್ ಅಡ್ಡ, 288 ಪಿಕ್ಸೆಲ್ ಉದ್ದ, ಅಷ್ಟೇ. ದೊಡ್ಡ ಟಿವಿಯಲ್ಲಿ ಮಸುಕಾಗಿಯೇ ಕಾಣುವುದು. ಅದನ್ನು ಯಾವ ಸಾಫ್ಟ್‌ವೇರೂ ಎಚ್‌ಡಿ ಮಾಡಲಾರದು, 'ಮಾಡಿಕೊಡುತ್ತೇವೆ' ಅನ್ನುವವರ ಮಾತು ನಂಬಬೇಡಿ.

ಅರ್ಧಕ್ಕೆ ನಿಂತ ಎವಿಐಗಳು ನನ್ನ ಹತ್ತಿರ ಸಾಕಷ್ಟಿವೆ. ಡಿಸ್ಕಿನಿಂದ ನಕಲು ಮಾಡುವಾಗ ಕರೆಂಟು ಹೋಗಿದ್ದು, ಕೊನೆಯ ತುಂಡು ಸಿಗದೇ ಇದ್ದಿದ್ದು. ಎವಿಐಯಲ್ಲಿ ಯಾವ ಫ್ರೇಮ್ ಎಲ್ಲಿದೆ ಅನ್ನುವ ಪಟ್ಟಿ ಸಾಮಾನ್ಯವಾಗಿ ಫೈಲಿನ ಕೊನೆಯಲ್ಲಿ ಇರುತ್ತದೆ. ಕೊನೆ ಇಲ್ಲ ಅಂದರೆ ಪಟ್ಟಿಯೂ ಇಲ್ಲ. ಬೇರೆ ಪ್ಲೇಯರ್ ಕೈಚೆಲ್ಲುತ್ತವೆ. ವಿಎಲ್‌ಸಿ ಮಾತ್ರ ಪಟ್ಟಿ ಹಾಳಾಗಿದೆ, ಹೊಸದಾಗಿ ಕಟ್ಟಿಕೊಂಡು ಹಾಕಲೇ ಅಂತ ಕೇಳುತ್ತದೆ. ಹೂಂ ಅಂದರೆ ಇದ್ದಷ್ಟನ್ನು ತೋರಿಸುತ್ತದೆ. ಒಂದು ಆಟದ ಬೆಳಗಿನ ಜಾವದ ಭಾಗ ಹೀಗೆಯೇ ನಮಗೆ ಸಿಕ್ಕಿದ್ದು. ಅದರಲ್ಲಿ ಅಪ್ಪಯ್ಯ ಒಂದು ಪದ್ಯದ ನಡುವೆ ಭಾಗವತರ ಮುಖ ನೋಡಿ ನಗುತ್ತಾರೆ. ಆಯಿ ಅದನ್ನು ಎಷ್ಟು ಸಲ ಹಾಕಿಸಿಕೊಂಡರೋ.

ಮುಖ ಅಗಲವಾಗಿ ಕಾಣುವುದು ಇನ್ನೊಂದು ತೊಂದರೆ. ಹಳೇ ಟೇಪಿನ ಚಿತ್ರ 4:3. ಇಳಿಸಿಕೊಡುವವರು ಅದನ್ನು ಎಳೆದು 16:9 ಮಾಡಿಬಿಟ್ಟಿರುತ್ತಾರೆ. ಕೇದಗೆ ಮುಂದಲೆ ಕಟ್ಟಿದ ಅಭಿಮನ್ಯು ಬಕಾಸುರನಷ್ಟು ದಪ್ಪ ಕಾಣುತ್ತಾನೆ. ವಿಎಲ್‌ಸಿಯಲ್ಲಿ ಎ ಕೀ ಒತ್ತುತ್ತಾ ಹೋದರೆ ಅಳತೆ ಬದಲಾಗುತ್ತಾ ಬರುತ್ತದೆ. 4:3 ಬಂದಾಗ ನಿಲ್ಲಿಸಿ.

ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ತಾಳ. ಚಿತ್ರಕ್ಕೂ ಶಬ್ದಕ್ಕೂ ಹೊಂದದೇ ಇದ್ದರೆ ಮಾತುಕತೆಯ ವಿಡಿಯೊದಲ್ಲಿ ಹೇಗೋ ಸಹಿಸಬಹುದು. ಮದ್ದಳೆಯಲ್ಲಿ ಆಗುವುದಿಲ್ಲ. ಕೈ ಬಿದ್ದು ಮೇಲೆ ಎದ್ದ ಮೇಲೆ ಪೆಟ್ಟು ಕೇಳಿದರೆ ಬಾರಿಸುವವರಿಗೆ ಮಾಡಿದ ಅವಮಾನ ಅದು. ವಿಎಲ್‌ಸಿಯಲ್ಲಿ ಜೆ ಒತ್ತಿದರೆ ಶಬ್ದ 50 ಮಿಲಿಸೆಕೆಂಡ್ ಹಿಂದಕ್ಕೆ ಸರಿದು ಬೇಗ ಬರುತ್ತದೆ, ಕೆ ಒತ್ತಿದರೆ ಅಷ್ಟೇ ತಡವಾಗುತ್ತದೆ. ಬಲಗೈ ಬಿದ್ದ ಕ್ಷಣ ನೋಡುತ್ತಾ ಜೆ ಒತ್ತುತ್ತಾ ಹೋಗಿ. ಹೊಂದಿಕೊಂಡ ಕೂಡಲೇ ಕಿವಿಗೇ ಗೊತ್ತಾಗುತ್ತದೆ. ಆದರೆ ಇದು ಆ ಹೊತ್ತಿಗೆ ಮಾತ್ರ. ಫೈಲಿನಲ್ಲಿ ಶಾಶ್ವತವಾಗಿ ಸರಿಮಾಡಲಿಕ್ಕೆ ಎಂಕೆವಿಟೂಲ್‌ನಿಕ್ಸ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ವಿಎಲ್‌ಸಿಯಲ್ಲಿ ಕಂಡ ಅಂಕಿಯನ್ನೇ ಅದರಲ್ಲಿ ಶಬ್ದದ ಟ್ರ್ಯಾಕಿನ ಡಿಲೇ ಅನ್ನುವಲ್ಲಿ ಹಾಕಿದರೆ ಆಯಿತು.

ವಿಎಲ್‌ಸಿಯಲ್ಲಿ ನನಗೆ ಹಿಡಿಸದ್ದು ಅದರ ಕನ್ವರ್ಟ್ ಭಾಗ. ಇದೆ, ಕೆಲಸವನ್ನೂ ಮಾಡುತ್ತದೆ. ಆದರೆ ಆಯ್ಕೆಗಳು ಎಲ್ಲೆಲ್ಲೋ ಅಡಗಿವೆ, ಎಷ್ಟು ಮುಗಿಯಿತು ಅನ್ನೋದೂ ಸರಿಯಾಗಿ ತಿಳಿಯುವುದಿಲ್ಲ. ಫೈಲ್ ಬದಲಾಯಿಸುವುದಿದ್ದರೆ ಇದರಲ್ಲಿ ಒದ್ದಾಡಬೇಡಿ, ಹ್ಯಾಂಡ್‌ಬ್ರೇಕ್‌ಗೆ ಹೋಗಿ.

ಬದಲಾಯಿಸುವುದು ಯಾಕೆ ಬೇಕು ಅಂದರೆ, ಟಿವಿಗೆ ವಿಎಲ್‌ಸಿಯ ಧಾರಾಳತನ ಇಲ್ಲ. ಟಿವಿಯ ಒಳಗಿನ ಚಿಪ್ಪು ಕೆಲವೇ ಕೊಡೆಕ್‌ಗಳನ್ನು ಬಲ್ಲದು. ನಮ್ಮ ಭಾವ ಪೆನ್‌ಡ್ರೈವ್ ಚುಚ್ಚಿ ಫೋನ್ ಮಾಡಿ, 'ಎಂತೂ ಕಾಣ್ತಿಲ್ಲೆ ಮಾರಾಯ್ತಿ, ಬರೀ ಶಬ್ದ ಬತ್ತಾ ಇದ್ದು' ಅಂದಾಗಲೇ ಕಾರಣ ಗೊತ್ತಾಯಿತು. ಶಬ್ದದ ಕೊಡೆಕ್ ಟಿವಿಗೆ ಗೊತ್ತು, ಚಿತ್ರದ್ದು ಗೊತ್ತಿಲ್ಲ. ಎಂಪಿ4 ಪೆಟ್ಟಿಗೆ, ಅದರೊಳಗೆ ಎಚ್.264 ಚಿತ್ರ, ಎಎಸಿ ಶಬ್ದ. ಈ ಜೋಡಿ ಮಾಡಿಕೊಟ್ಟರೆ ಟಿವಿ, ಫೋನ್, ಟ್ಯಾಬ್, ಲ್ಯಾಪ್‌ಟಾಪ್ ಹೆಚ್ಚುಕಡಿಮೆ ಎಲ್ಲದರಲ್ಲೂ ಓಡುತ್ತದೆ. ಎಚ್.264 ಬಂದಿದ್ದು 2003ರಲ್ಲಿ. ಅದಾದ ಮೇಲೆ 2013ರಲ್ಲಿ ಎಚ್.265, 2018ರಲ್ಲಿ ಎವಿ1 ಬಂದವು. ಜಾಗ ಕಡಿಮೆ ತಿನ್ನುತ್ತವೆ ನಿಜ. ಆದರೆ ನೆಂಟರಿಗೆ ಕೊಡುವ ಫೈಲು ಅವರ ಮನೆಯ ಹಳೇ ಟಿವಿಯಲ್ಲೂ ಓಡಬೇಕು, ಅಲ್ವಾ?

ಪೆನ್‌ಡ್ರೈವ್ ಬಗ್ಗೆ ಒಂದು ಮಾತು. ಫ್ಯಾಟ್32 ಅನ್ನುವ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿನಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ. ಪೆನ್‌ಡ್ರೈವ್ 64 ಜಿಬಿ ಇದ್ದರೂ ಅಷ್ಟೇ. ಇಡೀ ರಾತ್ರಿಯ ಆಟ ಒಂದೇ ಫೈಲಾಗಿ ಬೇಕು ಅಂದರೆ ಎಕ್ಸ್‌ಫ್ಯಾಟ್ ಮಾಡಿಕೊಳ್ಳಿ, ಟಿವಿ ಅದನ್ನು ಓದುತ್ತದೆಯೇ ಅಂತ ಮೊದಲು ನೋಡಿಕೊಳ್ಳಿ.

ಹ್ಯಾಂಡ್‌ಬ್ರೇಕ್ ತೆರೆದರೆ ಮೊದಲ ನೋಟಕ್ಕೆ ಟ್ಯಾಬುಗಳು ಜಾಸ್ತಿ ಅನ್ನಿಸುತ್ತದೆ. ಹೆದರಬೇಕಿಲ್ಲ. ಡಿವಿಡಿ ಆದರೆ ವಿಡಿಯೊ_ಟಿಎಸ್ ಫೋಲ್ಡರನ್ನೇ ಇಡಿಯಾಗಿ ಅದಕ್ಕೆ ಕೊಡಿ. ವಿಒಬಿಗಳನ್ನು ಒಂದೊಂದಾಗಿ ಕೊಟ್ಟರೆ ಪ್ರತಿ 1 ಜಿಬಿಗೆ ತುಂಡಾಗುತ್ತದೆ, ಪದ್ಯದ ನಡುವೆಯೇ ಕಡಿದುಹೋಗುತ್ತದೆ. ಫೋಲ್ಡರ್ ಕೊಟ್ಟರೆ ಹ್ಯಾಂಡ್‌ಬ್ರೇಕ್ ಎಲ್ಲ ಜೋಡಿಸಿ ಒಂದೇ ಟೈಟಲ್ ಆಗಿ ತೋರಿಸುತ್ತದೆ. ಪ್ರೀಸೆಟ್‌ನಲ್ಲಿ ಫಾಸ್ಟ್ 576ಪಿ25 ಆರಿಸಿ, ಯಾಕೆಂದರೆ ನಮ್ಮ ಡಿವಿಡಿಗಳು 720 ಅಡ್ಡ 576ರ, ನಮ್ಮ ದೇಶದ ಟಿವಿಯ ಪಾಲ್ ಮಾದರಿಯವು. ಆರ್‌ಎಫ್ ಅನ್ನುವ ಅಂಕಿ ಕಡಿಮೆಯಾದಷ್ಟೂ ಚಿತ್ರ ಚೆನ್ನ, ಫೈಲ್ ದೊಡ್ಡದು. ಡಿವಿಡಿ ಅಳತೆಗೆ 18ರಿಂದ 22 ಇರಲಿ ಅಂತ ಹ್ಯಾಂಡ್‌ಬ್ರೇಕ್‌ನವರೇ ಹೇಳುತ್ತಾರೆ. ನಾನು 18 ಇಡುತ್ತೇನೆ.

ಯಕ್ಷಗಾನದವರು ನಿಜವಾಗಿ ಗಮನ ಕೊಡಬೇಕಾದದ್ದು ಫಿಲ್ಟರ್ಸ್ ಟ್ಯಾಬಿಗೆ. ಹಳೇ ಕ್ಯಾಮೆರಾಗಳು ಒಂದು ಫ್ರೇಮನ್ನು ಎರಡು ಸಲಕ್ಕೆ ಹಿಡಿಯುತ್ತಿದ್ದವು. ಮೊದಲು ಒಂದು ಬಿಟ್ಟು ಒಂದು ಗೆರೆ, ಆಮೇಲೆ ಉಳಿದ ಗೆರೆ. ಸೆಕೆಂಡಿಗೆ ಹೀಗೆ 50 ಅರ್ಧ ಚಿತ್ರ. ಹಳೇ ಡಬ್ಬಾ ಟಿವಿಯಲ್ಲಿ ಇದು ಗೊತ್ತೇ ಆಗುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಎರಡೂ ಅರ್ಧ ಒಟ್ಟಿಗೆ ಕಾಣುತ್ತವೆ. ಭಾಗವತರು ಸುಮ್ಮನೆ ಕೂತಿರುವಾಗ ಏನೂ ತೊಂದರೆ ಇಲ್ಲ. ವೇಷ ಮಂಡಿ ಹಾಕಿ ತಿರುಗಲು ಶುರುಮಾಡಿದ ಕೂಡಲೇ ನೋಡಿ. ಭುಜಕೀರ್ತಿಯ ಅಂಚು, ತೋಳು, ಸೆರಗು ಎಲ್ಲ ಬಾಚಣಿಗೆಯ ಹಲ್ಲು ಹಲ್ಲಾಗಿ ಒಡೆದುಹೋಗುತ್ತದೆ. ಅದನ್ನು ಹಾಗೇ ಎಂಪಿ4 ಮಾಡಿಬಿಟ್ಟರೆ ಆ ಗೆರೆಗಳು ಚಿತ್ರದಲ್ಲೇ ಅಚ್ಚಾಗಿ ಕೂರುತ್ತವೆ, ಆಮೇಲೆ ತೆಗೆಯುವುದು ಬಹಳ ಕಷ್ಟ.

ಈ ಗೆರೆ ಹೋಗಿಸಲಿಕ್ಕೆ ಡಿಇಂಟರ್‌ಲೇಸ್ ಅನ್ನುವಲ್ಲಿ ಯಾಡಿಫ್ ಅಥವಾ ಬಿಡಬ್ಲ್ಯೂಡಿಫ್ ಆರಿಸಿ. ಪಕ್ಕದ ಪಟ್ಟಿಯಲ್ಲಿ ಬಾಬ್ ಅಂತ ಇದೆ, ಅದನ್ನು ಆರಿಸಿ. ಆಮೇಲೆ ವಿಡಿಯೊ ಟ್ಯಾಬಿನಲ್ಲಿ ಫ್ರೇಮ್ ರೇಟನ್ನು 25ರಿಂದ 50ಕ್ಕೆ ಬದಲಿಸಿ. ಈ ಕೊನೆಯದನ್ನು ಬಿಟ್ಟರೆ ಬಾಬ್ ಮಾಡಿದ್ದೇ ದಂಡ. ಹೀಗೆ ಮಾಡಿದಾಗ ಆ 50 ಅರ್ಧ ಚಿತ್ರಗಳೂ ಒಂದೊಂದು ಪೂರ್ತಿ ಚಿತ್ರವಾಗುತ್ತವೆ. ಗೆರೆ ಹೋಗುತ್ತದೆ, ಕುಣಿತದ ಓಟವೂ ಉಳಿಯುತ್ತದೆ. ಒಂದೇ ಮಂಡಿಯನ್ನು 25ರಲ್ಲೂ 50ರಲ್ಲೂ ಮಾಡಿ ಅಕ್ಕಪಕ್ಕ ಇಟ್ಟು ನೋಡಿ. 25ರಲ್ಲಿ ವೇಷ ತಡೆತಡೆದು ತಿರುಗಿದ ಹಾಗೆ ಕಾಣುತ್ತದೆ, 50ರಲ್ಲಿ ರಂಗಸ್ಥಳದಲ್ಲಿ ಕಂಡ ವೇಗವೇ ಕಾಣುತ್ತದೆ. ಮದ್ದಳೆಯ ಬೆರಳೂ ಹಾಗೆಯೇ. ಹ್ಯಾಂಡ್‌ಬ್ರೇಕ್‌ಗೆ ನಾನು ಪೂರ್ತಿ ಅಂಕ ಕೊಡುವುದು ಈ ಒಂದು ಗುಣಕ್ಕೆ.

ಆಡಿಯೊ ಟ್ಯಾಬಿನಲ್ಲಿ ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಕಿಲೋಬಿಟ್ ಅನ್ನೋದು, ಮೊದಲೇ 160 ಇರುತ್ತದೆ. ಮಾತಿಗೆ ಸಾಕು. ಚೆಂಡೆ, ಮದ್ದಳೆ, ಜಾಗಟೆ ಒಟ್ಟಿಗೆ ಬಿದ್ದಾಗ ನಾನು 256ಕ್ಕೆ ಏರಿಸುತ್ತೇನೆ. ಚೆಂಡೆಯ ಪೆಟ್ಟಿನ ಚೂಪು ಉಳಿಯಬೇಕು. ಶಬ್ದ ತಿನ್ನುವ ಜಾಗ ಚಿತ್ರದ ಮುಂದೆ ಏನೂ ಅಲ್ಲ, ಅಲ್ಲಿ ಜಿಪುಣತನ ಬೇಡ.

ಹಳೇ ಲ್ಯಾಪ್‌ಟಾಪಿನಲ್ಲಿ ಇದೆಲ್ಲ ನಿಧಾನ. ಇಡೀ ಆಟದ ಫೈಲುಗಳನ್ನು ಕ್ಯೂಗೆ ಹಾಕಿ ರಾತ್ರಿ ಹಚ್ಚಿಟ್ಟು ಮಲಗುವುದು ಸರಿ. ಕಂಪ್ಯೂಟರಿನ ಗ್ರಾಫಿಕ್ಸ್ ಚಿಪ್ಪಿನಿಂದ ಬೇಗ ಮುಗಿಸುವ ಆಯ್ಕೆಯೂ ಇದೆ. ಆದರೆ ಅದೇ ಗುಣಮಟ್ಟಕ್ಕೆ ಫೈಲ್ ದೊಡ್ಡದಾಗುತ್ತದೆ. ನನಗೆ ಅವಸರವಿಲ್ಲ, ಹಾಗಾಗಿ ಬಳಸುವುದಿಲ್ಲ.

ಹ್ಯಾಂಡ್‌ಬ್ರೇಕ್‌ನ ದೊಡ್ಡ ಮಿತಿ ಅಂದರೆ ಚಿತ್ರವನ್ನು ಅದು ಯಾವಾಗಲೂ ಹೊಸದಾಗಿ ಕುಗ್ಗಿಸುತ್ತದೆ. ಕುಗ್ಗಿಸಿದಷ್ಟು ಸಲ ಸ್ವಲ್ಪ ಸ್ವಲ್ಪ ಹಾಳಾಗುತ್ತದೆ. ಎಂಟಿಎಸ್ ಒಳಗೆ ಮೊದಲೇ ಎಚ್.264 ಇದೆ. ಪೆಟ್ಟಿಗೆ ಬದಲಿಸಿದರೆ ಸಾಕು ಅನ್ನುವ ಕಡೆ ಲಾಸ್‌ಲೆಸ್‌ಕಟ್ ಅನ್ನುವ ಉಚಿತ ಸಾಫ್ಟ್‌ವೇರ್ ಬಳಸಿ. ಕ್ಯಾಮೆರಾ ತುಂಡು ತುಂಡಾಗಿ ಇಟ್ಟ ಎಂಟಿಎಸ್‌ಗಳನ್ನು ಅದು ಚಿತ್ರ ಮುಟ್ಟದೆ ಜೋಡಿಸಿಕೊಡುತ್ತದೆ, ಬಹಳ ಬೇಗ. ಇನ್ನು, ಕಳ್ಳನಕಲು ತಡೆಯುವ ಬೀಗ ಹಾಕಿದ ಮಾರುಕಟ್ಟೆಯ ಡಿವಿಡಿಗಳನ್ನು ಹ್ಯಾಂಡ್‌ಬ್ರೇಕ್ ತಾನಾಗಿ ಬಿಚ್ಚುವುದಿಲ್ಲ. ನಮ್ಮ ಮನೆಯ ಡಿಸ್ಕುಗಳಿಗೆ ಆ ತೊಂದರೆ ಬರುವುದಿಲ್ಲ.

ಅಮೆರಿಕದ ಮಕ್ಕಳಿಗೆ ಪದ್ಯ ಕಿವಿಗೆ ಬಿದ್ದರೂ ಅರ್ಥ ಹಿಡಿಯುವುದು ಕಷ್ಟ. ಅದಕ್ಕೆ ನಾನು ಪದ್ಯಗಳನ್ನು ನೋಟ್‌ಪ್ಯಾಡಿನಲ್ಲಿ ಎಸ್‌ಆರ್‌ಟಿ ಅನ್ನುವ ಸಬ್‌ಟೈಟಲ್ ಫೈಲ್ ಮಾಡಿ ಬರೆಯುತ್ತೇನೆ. ಸೇವ್ ಮಾಡುವಾಗ ಎನ್‌ಕೋಡಿಂಗ್ ಅನ್ನುವಲ್ಲಿ ಯುಟಿಎಫ್-8 ಇರಬೇಕು. ವಿಡಿಯೊದ ಹೆಸರೇ ಅದಕ್ಕೂ ಇದ್ದರೆ ವಿಎಲ್‌ಸಿ ತಾನಾಗಿ ಎತ್ತಿಕೊಳ್ಳುತ್ತದೆ. ಅಕ್ಷರ ಸರಿ ಬಾರದಿದ್ದರೆ ಸೆಟ್ಟಿಂಗಿನಲ್ಲಿ ನೋಟೊ ಸಾನ್ಸ್ ಕನ್ನಡ ಅಥವಾ ನಿರ್ಮಲಾ ಫಾಂಟ್ ಆರಿಸಿ. ಟಿವಿಯಲ್ಲಿ ಕನ್ನಡದ ಬದಲು ಚೌಕಗಳು ಬಂದರೆ ಅಥವಾ ಒತ್ತಕ್ಷರ ಬಿಟ್ಟುಬಿಟ್ಟು ಕೂತರೆ, ಹ್ಯಾಂಡ್‌ಬ್ರೇಕ್‌ನ ಸಬ್‌ಟೈಟಲ್ಸ್ ಟ್ಯಾಬಿನಲ್ಲಿ ಆ ಫೈಲ್ ಕೊಟ್ಟು ಬರ್ನ್ ಇನ್ ಅಂತ ಗುರುತು ಹಾಕಿ. ಅಕ್ಷರ ಚಿತ್ರದ ಮೇಲೇ ಮೂಡುತ್ತದೆ, ಟಿವಿಗೆ ಕನ್ನಡ ಬಾರದಿದ್ದರೂ ನಡೆಯುತ್ತದೆ.

ಫೋನಿನಲ್ಲಿ ನೋಡುವವರಿಗೆ ಆಂಡ್ರಾಯ್ಡ್‌ಗೂ ಐಫೋನಿಗೂ ವಿಎಲ್‌ಸಿ ಇದೆ. ಅಲ್ಲೂ ಜಾಹೀರಾತಿಲ್ಲ. ಐಪ್ಯಾಡಿಗೆ ಫೈಲ್ ಕಳಿಸುವುದು ತಲೆನೋವು ಅನ್ನುವವರು ವಿಎಲ್‌ಸಿಯ ನೆಟ್‌ವರ್ಕ್ ಭಾಗದಲ್ಲಿ ವೈಫೈ ಹಂಚಿಕೆ ಆನ್ ಮಾಡಿ. ಅದು ತೋರಿಸುವ ವಿಳಾಸವನ್ನು ಕಂಪ್ಯೂಟರಿನ ಬ್ರೌಸರಿನಲ್ಲಿ ಹಾಕಿ ಫೈಲ್ ಎಳೆದು ಬಿಡಿ, ಕೇಬಲ್ಲೇ ಬೇಡ. ಐಫೋನಿನಲ್ಲಿ ಆಟ ಹಿಡಿಯುವವರು ಮೊದಲೇ ಕ್ಯಾಮೆರಾ ಸೆಟ್ಟಿಂಗಿನ ಫಾರ್ಮ್ಯಾಟ್ಸ್‌ನಲ್ಲಿ ಮೋಸ್ಟ್ ಕಂಪ್ಯಾಟಿಬಲ್ ಆರಿಸಿದರೆ ಎಚ್.264ರಲ್ಲೇ ದಾಖಲಾಗುತ್ತದೆ.

ಡೌನ್‌ಲೋಡ್ ಮಾಡುವಾಗ ಎಚ್ಚರ. ವಿಎಲ್‌ಸಿಗೆ ವಿಡಿಯೋಲ್ಯಾನ್ ಡಾಟ್ ಆರ್ಗ್, ಹ್ಯಾಂಡ್‌ಬ್ರೇಕ್‌ಗೆ ಹ್ಯಾಂಡ್‌ಬ್ರೇಕ್ ಡಾಟ್ ಎಫ್‌ಆರ್. ಬೇರೆ ಎಲ್ಲಿಂದಲೂ ಬೇಡ. 2017ರ ಮೇ ತಿಂಗಳಲ್ಲಿ ಹ್ಯಾಂಡ್‌ಬ್ರೇಕ್‌ನ ಒಂದು ಡೌನ್‌ಲೋಡ್ ಸರ್ವರಿಗೇ ಯಾರೋ ನುಗ್ಗಿ ಮ್ಯಾಕ್ ಆವೃತ್ತಿಯ ಜಾಗದಲ್ಲಿ ಕೆಟ್ಟ ಫೈಲ್ ಇಟ್ಟಿದ್ದರು. ತಂಡದವರು ತಾವೇ ಅದನ್ನು ಎಲ್ಲರಿಗೂ ತಿಳಿಸಿ, ಗುರುತಿಸುವುದು ಹೇಗೆ ಅಂತಲೂ ಹೇಳಿದರು. ದುಡ್ಡು ಕೇಳುವ ಕನ್ವರ್ಟರುಗಳ ಮೇಲೆ ನನಗೆ ಇರುವ ಸಿಟ್ಟು ಬೇರೆ. ಒಂದು ಕಂಪನಿಯ ಉಚಿತ ಪ್ರಯೋಗದ ಆವೃತ್ತಿ ಹಾಕಿದಾಗ ಅಪ್ಪಯ್ಯನ ಮುಖದ ಮೇಲೇ ತನ್ನ ಹೆಸರನ್ನು ಅಡ್ಡಡ್ಡ ಬರೆದು ಕೊಟ್ಟಿತ್ತು. ಅಳಿಸಬೇಕಾದರೆ ವರ್ಷದ ಚಂದಾ ಕಟ್ಟಿ ಅಂದಿತು. ಅದು ಮಾಡುವ ಯಾವ ಕೆಲಸವೂ ಹ್ಯಾಂಡ್‌ಬ್ರೇಕ್‌ಗೆ ಬಾರದ್ದಲ್ಲ.

ಇನ್ನೂ ಟೇಪು ಇಟ್ಟುಕೊಂಡಿರುವವರು ಬೇಗ ಇಳಿಸಿಕೊಳ್ಳಿ. ನಮ್ಮ ಮಲೆನಾಡಿನ ಮಳೆಗಾಲಕ್ಕೆ ಟೇಪಿನ ಮೇಲೆ ಬೂಷ್ಟು ಬರುತ್ತದೆ, ಹಾಕುವ ಯಂತ್ರಗಳೂ ಕಮ್ಮಿಯಾಗುತ್ತಿವೆ. ಸ್ಟುಡಿಯೋದವರಿಗೆ ಡಿವಿಡಿ ಬೇಡ, ಫೈಲ್ ಕೊಡಿ ಅನ್ನಿ. ಅಳತೆ 720 ಅಡ್ಡ 576, ಚಿತ್ರ 4:3 ಇರಲಿ, ಡಿಇಂಟರ್‌ಲೇಸ್ ಮಾಡಬೇಡಿ, ಸಂಗೀತ, ಹೆಸರು, ಹೂವಿನ ಅಂಚು ಏನೂ ಸೇರಿಸಬೇಡಿ ಅಂತ ಚೀಟಿಯಲ್ಲಿ ಬರೆದುಕೊಡಿ. ಡಿವಿ ಎವಿಐ ಆದರೆ ಗಂಟೆಗೆ ಸುಮಾರು 13 ಜಿಬಿ ಆಗುತ್ತದೆ, ಅದಕ್ಕೆ ತಕ್ಕ ಹಾರ್ಡ್ ಡಿಸ್ಕ್ ಜೊತೆಗೇ ಒಯ್ಯಿರಿ. ದೊಡ್ಡದಾಯಿತು ಅಂತ ಆ ಫೈಲನ್ನು ಯಾವತ್ತೂ ಅಳಿಸಬೇಡಿ. ಟಿವಿಗೆ, ಫೋನಿಗೆ ಬೇಕಾದ ಎಂಪಿ4ನ್ನು ಅದರಿಂದ ಮನೆಯಲ್ಲೇ ಎಷ್ಟು ಬೇಕಾದರೂ ಮಾಡಿಕೊಳ್ಳಬಹುದು.